ದೆವ್ವ ತಡವಾಗಿ ಬಂದರೆ

ದೆವ್ವದ ಸಿನಿಮಾಗಳಲ್ಲಿ ಎರಡು ಬಗೆ. ಒಂದು, ಟಿಕೆಟ್ ಹರಿಸಿಕೊಂಡು ಒಳಗೆ ಹೋದ ಹತ್ತು ನಿಮಿಷಕ್ಕೇ ದೆವ್ವವನ್ನು ಎದುರಿಗೆ ತಂದು ನಿಲ್ಲಿಸುವಂಥದು. ಇನ್ನೊಂದು, ದೆವ್ವ ಇದೆಯೋ ಇಲ್ಲವೋ ಎಂಬ ಅನುಮಾನವನ್ನು ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಕಾಯಿಸುವಂಥದು. ಮೊದಲನೆಯ ಬಗೆಯ ಚಿತ್ರಗಳ ಬಗ್ಗೆ ಪ್ರೇಕ್ಷಕರಲ್ಲಿ ಹೆಚ್ಚು ತಕರಾರಿಲ್ಲ. ಹೆದರಿಸಿದರೆ ಚೆನ್ನಾಗಿದೆ, ಹೆದರಿಸದಿದ್ದರೆ ಚೆನ್ನಾಗಿಲ್ಲ ಎಂದು ಎರಡು ಮಾತಿನಲ್ಲಿ ತೀರ್ಮಾನವಾಗುತ್ತದೆ. ಎರಡನೆಯ ಬಗೆಯ ಚಿತ್ರ ಬಂದಾಗ ಮಾತ್ರ ಒಂದೇ ಚಿತ್ರಮಂದಿರದಿಂದ ಹೊರಬಂದವರಲ್ಲಿ ಒಬ್ಬರು 'ರಾತ್ರಿಯಿಡೀ ನಿದ್ದೆ ಬರಲಿಲ್ಲ' ಎಂದರೆ, ಇನ್ನೊಬ್ಬರು 'ಚಿತ್ರಮಂದಿರದಲ್ಲೇ ನಿದ್ದೆ ಬಂತು' ಎನ್ನುತ್ತಾರೆ. ಇಬ್ಬರೂ ನೋಡಿದ್ದು ಅದೇ ಪರದೆ, ಅದೇ ದೃಶ್ಯ. ಹಾಗಿದ್ದರೂ ಇಷ್ಟು ಅಂತರ ಏಕೆ?

ಈ ಪ್ರಶ್ನೆಯನ್ನು ವಿಚಾರಿಸಲು 2018ರಲ್ಲಿ ತೆರೆಕಂಡ 'ಹೆರಿಡಿಟರಿ' ಎಂಬ ಅಮೆರಿಕನ್ ಚಿತ್ರ ಒಳ್ಳೆಯ ಉದಾಹರಣೆ. ನಿರ್ದೇಶಕ ಆ್ಯರಿ ಆ್ಯಸ್ಟರ್‌ಗೆ ಅದು ಮೊದಲ ಪೂರ್ಣಾವಧಿ ಚಿತ್ರ. ಮುಖ್ಯ ಪಾತ್ರದಲ್ಲಿ ಆಸ್ಟ್ರೇಲಿಯಾದ ನಟಿ ಟೋನಿ ಕೊಲೆಟ್. ಆ ವರ್ಷದ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ವಿಮರ್ಶಕರು ಅದನ್ನು ಬಹುವಾಗಿ ಹೊಗಳಿದರು. ಜೂನ್ 8ರಂದು ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ ಸಾಮಾನ್ಯ ಪ್ರೇಕ್ಷಕರು ಕೊಟ್ಟ ಅಂಕ 'ಡಿ ಪ್ಲಸ್'. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ನಪಾಸಾಗುವುದರಿಂದ ಹೇಗೋ ತಪ್ಪಿಸಿಕೊಂಡ ಅಂಕ.

ಈ ಅಂಕ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆಯೊಂದಿದೆ. 1970ರ ದಶಕದ ಕೊನೆಯಲ್ಲಿ ಆರಂಭವಾದ ಈ ಸಂಸ್ಥೆಯ ಕೆಲಸ ಸರಳ. ಹೊಸ ಚಿತ್ರ ಬಿಡುಗಡೆಯಾದ ಮೊದಲ ರಾತ್ರಿ ಆಯ್ದ ಚಿತ್ರಮಂದಿರಗಳಲ್ಲಿ ಇದರ ಸಿಬ್ಬಂದಿ ಪ್ರೇಕ್ಷಕರ ಕೈಗೆ ಒಂದು ಸಣ್ಣ ಕಾರ್ಡು ಕೊಟ್ಟು, 'ಎ'ಯಿಂದ 'ಎಫ್'ವರೆಗೆ ಒಂದು ಅಂಕ ಕೊಡಿ ಎಂದು ಕೇಳುತ್ತಾರೆ. ನೋಡಿದವರು ತಮ್ಮ ನೆರೆಹೊರೆಯವರಿಗೆ ಏನು ಹೇಳಿಯಾರು ಎಂಬುದರ ಮುನ್ಸೂಚನೆ ಅದರಿಂದ ಸಿಗುತ್ತದೆ ಎಂಬುದು ಉದ್ಯಮದ ನಂಬಿಕೆ. 2013ರ 'ದಿ ಕಾಂಜ್ಯೂರಿಂಗ್' ಎಂಬ ದೆವ್ವದ ಚಿತ್ರಕ್ಕೆ 'ಎ ಮೈನಸ್' ಸಿಕ್ಕಿತ್ತು. 2015ರಲ್ಲಿ ಸನ್‌ಡ್ಯಾನ್ಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಪಡೆದ 'ದಿ ವಿಚ್' ಮರುವರ್ಷ ಚಿತ್ರಮಂದಿರಕ್ಕೆ ಬಂದಾಗ 'ಸಿ ಮೈನಸ್' ಪಡೆಯಿತು. ಅದೂ ನಿಧಾನವಾಗಿ ಕುದಿಯುವ ಜಾತಿಯದೇ.

ಇಲ್ಲಿ ಸುಲಭದ ವಿವರಣೆ ಒಂದಿದೆ. ವಿಮರ್ಶಕರು ಬುದ್ಧಿವಂತರು, ಜನರಿಗೆ ತಾಳ್ಮೆಯಿಲ್ಲ ಎಂದು ಒಂದು ಪಕ್ಷದವರು ಹೇಳುತ್ತಾರೆ. ಜನರು ಪ್ರಾಮಾಣಿಕರು, ವಿಮರ್ಶಕರದು ಬರೀ ಸೋಗು ಎಂದು ಇನ್ನೊಂದು ಪಕ್ಷ. ಎರಡೂ ವಿವರಣೆಗಳು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಮೊದಲ ರಾತ್ರಿ ಕೆಟ್ಟ ಅಂಕ ಪಡೆದ ಚಿತ್ರ ಎರಡನೆಯ ವಾರಕ್ಕೇ ನೆಲಕಚ್ಚುವುದು ವಾಡಿಕೆ. 'ಹೆರಿಡಿಟರಿ' ಮೊದಲ ವಾರಾಂತ್ಯದಲ್ಲಿ ಅಮೆರಿಕದಲ್ಲಿ ಸುಮಾರು 1 ಕೋಟಿ 36 ಲಕ್ಷ ಡಾಲರ್ ಗಳಿಸಿತು. ಪ್ರದರ್ಶನ ಮುಗಿಯುವ ಹೊತ್ತಿಗೆ ಅಲ್ಲಿನ ಗಳಿಕೆ ಸುಮಾರು 4 ಕೋಟಿ 40 ಲಕ್ಷಕ್ಕೆ, ಅಂದರೆ ಮೂರು ಪಟ್ಟಿಗೂ ಮೇಲೆ ಏರಿತ್ತು. ಜನರೇ ತಿರಸ್ಕರಿಸಿದ್ದರೆ ಆ ಟಿಕೆಟ್‌ಗಳನ್ನು ಕೊಂಡವರು ಯಾರು? ಆದ್ದರಿಂದ ಕಾರ್ಡಿನ ಮೇಲೆ 'ಡಿ' ಎಂದು ಬರೆದವರು ಯಾವುದಕ್ಕೆ ಅಂಕ ಕೊಟ್ಟರು ಎಂದು ಕೇಳಬೇಕಾಗುತ್ತದೆ.

ಮೊದಲ ರಾತ್ರಿ ಬರುವವರು ಚಿತ್ರವನ್ನು ನಂಬಿ ಬರುವುದಿಲ್ಲ, ಜಾಹೀರಾತನ್ನು ನಂಬಿ ಬರುತ್ತಾರೆ. ಈ ಚಿತ್ರವನ್ನು ಹೊಸ ತಲೆಮಾರಿನ 'ಎಕ್ಸಾರ್ಸಿಸ್ಟ್' ಎಂದು ಹೊಗಳಿದ ವಿಮರ್ಶೆಯ ಮಾತನ್ನು ಪ್ರಚಾರದಲ್ಲಿ ಧಾರಾಳವಾಗಿ ಬಳಸಲಾಗಿತ್ತು. 1973ರ ಕೊನೆಯಲ್ಲಿ ತೆರೆಕಂಡ ಆ ಹಳೆಯ ಚಿತ್ರವನ್ನು ನೋಡಿ ಜನ ಮೂರ್ಛೆ ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿದ್ದವು. ಅಂಥದನ್ನೇ ನಿರೀಕ್ಷಿಸಿ ಬಂದವರಿಗೆ ಪರದೆಯ ಮೇಲೆ ಮೊದಲು ಕಂಡದ್ದು ಒಂದು ಮರಣವಾರ್ತೆ. ಮುಂದೆ ಬಹು ಹೊತ್ತಿನವರೆಗೆ ಕಂಡದ್ದು ಸಾವಿನ ಮನೆಯ ಮೌನ, ಗಂಡ ಹೆಂಡಿರ ನಡುವಿನ ಬಿರುಕು, ತಾಯಿ ಮಕ್ಕಳ ನಡುವೆ ಊಟದ ಮೇಜಿನ ಮೇಲೆ ಸಿಡಿಯುವ ಹಳೆಯ ಸಿಟ್ಟು. ಜಾಹೀರಾತಿನ ತುಣುಕುಗಳನ್ನು ನೋಡಿದವರಿಗೆ ಮನೆಯ ಪುಟ್ಟ ಹುಡುಗಿಯೇ ಕಥೆಯ ಕೇಂದ್ರವೆಂಬ ಭಾವನೆ ಬರುತ್ತಿತ್ತು. ಚಿತ್ರದಲ್ಲಿ ಆದದ್ದೇ ಬೇರೆ.

ಜಾಹೀರಾತಿನ ಬಲ ಎಷ್ಟೆಂಬುದಕ್ಕೆ ಇನ್ನೊಂದು ಘಟನೆಯೂ ಇದೆ. 2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಒಂದು ಚಿತ್ರಮಂದಿರದಲ್ಲಿ 'ಪೀಟರ್ ರ‍್ಯಾಬಿಟ್' ಎಂಬ ಮಕ್ಕಳ ಚಿತ್ರಕ್ಕೆ ಮುಂಚೆ ಕೈತಪ್ಪಿನಿಂದ ಇದರ ತುಣುಕು ಪ್ರದರ್ಶನವಾಯಿತು. ತಂದೆ ತಾಯಿಯರು ಮಕ್ಕಳ ಕಣ್ಣು ಕಿವಿ ಮುಚ್ಚಿ ಹೊರಗೋಡಿದರೆಂದು ಸುದ್ದಿಯಾಯಿತು. ಎರಡು ಗಂಟೆಗೂ ಮಿಕ್ಕಿದ ಚಿತ್ರ ನಿಧಾನವಾಗಿ ಮಾಡುವುದನ್ನು ಎರಡು ನಿಮಿಷದ ತುಣುಕು ಅವಸರದಲ್ಲಿ ಮಾಡಿತ್ತು. ಆ ಅವಸರವನ್ನೇ ಚಿತ್ರವೆಂದು ನಂಬಿ ಬಂದವರು ಸಿಟ್ಟಾದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಉಪ್ಪಿಟ್ಟು ಕೇಳಿದವನಿಗೆ ಪಾಯಸ ತಂದಿಟ್ಟರೆ ಪಾಯಸ ಎಷ್ಟೇ ಚೆನ್ನಾಗಿರಲಿ, ಅವನು ಮುಖ ಸಿಂಡರಿಸುವುದು ಸಹಜ.

ಆದರೆ ಜಾಹೀರಾತಿನ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ನಿಧಾನದ ಭಯ ಕೆಲಸ ಮಾಡುವ ರೀತಿಯಲ್ಲೇ ಪ್ರೇಕ್ಷಕರನ್ನು ಒಡೆಯುವ ಗುಣವಿದೆ. ಹಿಚ್‌ಕಾಕ್ ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತಿದ್ದ. ಇಬ್ಬರು ಕೂತು ಹರಟುತ್ತಿರುವ ಮೇಜಿನ ಕೆಳಗೆ ಬಾಂಬು ಇದೆ. ಅದು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕ ಕೆಲವು ಸೆಕೆಂಡು ಬೆಚ್ಚುತ್ತಾನೆ. ಬಾಂಬು ಅಲ್ಲಿದೆಯೆಂದು ಮೊದಲೇ ತೋರಿಸಿಬಿಟ್ಟರೆ ಅದೇ ಹರಟೆಯನ್ನು ಆತ ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾನೆ. ಎರಡನೆಯದರಲ್ಲಿ ದುಡಿಯುವುದು ಪ್ರೇಕ್ಷಕನ ಮನಸ್ಸು. ನಿರ್ದೇಶಕ ಅಲ್ಲಿ ಕೊಡುವುದು ಬೀಜವನ್ನು ಮಾತ್ರ.

ಈ ತಂತ್ರವನ್ನು ಕಡಿಮೆ ಖರ್ಚಿನಲ್ಲಿ ಸಾಧಿಸಿ ತೋರಿಸಿದ ಚಿತ್ರ 1942ರ 'ಕ್ಯಾಟ್ ಪೀಪಲ್'. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟರ್ನರ್. ಅದರಲ್ಲಿ ಒಬ್ಬಾಕೆ ರಾತ್ರಿ ಒಂಟಿಯಾಗಿ ರಸ್ತೆಯಲ್ಲಿ ನಡೆದು ಹೋಗುತ್ತಾಳೆ. ಹಿಂದೆ ಇನ್ನೊಬ್ಬಳ ಚಪ್ಪಲಿಯ ಟಕಟಕ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತುಹೋಗುತ್ತದೆ. ಬೆನ್ನ ಹಿಂದೆ ನಡೆದು ಬರುತ್ತಿದ್ದುದು ಈಗ ಏನಾಗಿದೆ? ಅಷ್ಟರಲ್ಲಿ ಬುಸ್ಸೆಂಬ ಸದ್ದಿನೊಂದಿಗೆ ಏನೋ ನುಗ್ಗಿ ಬರುತ್ತದೆ. ಅದು ಸಾಧಾರಣ ಸಿಟಿ ಬಸ್ಸು! ಜನ ಬೆಚ್ಚಿ, ಆಮೇಲೆ ನಗುತ್ತಾರೆ. ಈ ಯುಕ್ತಿಗೆ ಚಿತ್ರರಂಗದಲ್ಲಿ 'ಲ್ಯೂಟನ್ ಬಸ್' ಎಂಬ ಹೆಸರೇ ನಿಂತಿತು. ಬಸ್ಸು ಬರುವುದರಿಂದ ಪ್ರೇಕ್ಷಕನಿಗೆ ಆಗುವ ಉಪಕಾರವೆಂದರೆ ಬಿಡುಗಡೆ. ಕಟ್ಟಿಕೊಂಡಿದ್ದ ಉಸಿರು ಹೊರಬೀಳುತ್ತದೆ.

'ಹೆರಿಡಿಟರಿ'ಯಂಥ ಚಿತ್ರದಲ್ಲಿ ಈ ಬಸ್ಸು ಬರುವುದೇ ಅಪರೂಪ. ಒಂದು ದೃಶ್ಯದಲ್ಲಿ ಹುಡುಗ ಕತ್ತಲ ಕೋಣೆಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತಿರುತ್ತಾನೆ. ಅವನ ಹಿಂದೆ ಗೋಡೆ ಮತ್ತು ಛಾವಣಿ ಸೇರುವ ಮೂಲೆಯಲ್ಲಿ ಒಂದು ಆಕೃತಿ ಅಂಟಿಕೊಂಡಿದೆ. ಸಂಗೀತ ಅದರ ಕಡೆಗೆ ಬೆರಳು ತೋರಿಸುವುದಿಲ್ಲ, ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಒಬ್ಬನಿಗೆ ಅದು ಮೊದಲು ಕಾಣುತ್ತದೆ, ಪಕ್ಕದವನಿಗೆ ತಡವಾಗಿ, ಮೂರನೆಯವನಿಗೆ ಕಾಣುವುದೇ ಇಲ್ಲ. ಹೀಗೆ ಒಂದೇ ದೃಶ್ಯ ಒಂದೇ ಸಭೆಯಲ್ಲಿ ಮೂರು ದೃಶ್ಯಗಳಾಗುತ್ತವೆ. ಕಂಡವನು ಮೈ ಬೆವರುತ್ತಾ ಕೂತಿದ್ದರೆ, ಕಾಣದವನು 'ಏನೂ ಆಗ್ತಾ ಇಲ್ಲವಲ್ಲ' ಎಂದು ಗಡಿಯಾರ ನೋಡಿಕೊಳ್ಳುತ್ತಾನೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ.

ಇನ್ನು ನಗುವಿನ ವಿಷಯ. ಇಂಥ ಚಿತ್ರಗಳ ತೀರ ಗಂಭೀರ ಘಟ್ಟದಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಈ ಚಿತ್ರದ ಹುಡುಗಿ ಆಗಾಗ ನಾಲಿಗೆಯಿಂದ 'ಟೊಕ್' ಎಂದು ಸದ್ದು ಮಾಡುತ್ತಾಳೆ. ಕೆಲವು ಪ್ರದರ್ಶನಗಳಲ್ಲಿ ಪ್ರೇಕ್ಷಕರೇ ಕತ್ತಲಲ್ಲಿ ಆ ಸದ್ದು ಮಾಡಿ ಅಕ್ಕಪಕ್ಕದವರನ್ನು ಬೆಚ್ಚಿಬೀಳಿಸಿದ ಸುದ್ದಿಗಳಿವೆ. ಇದನ್ನು ಬರೀ ಪುಂಡಾಟವೆಂದು ತಳ್ಳಿಹಾಕಬೇಕಾಗಿಲ್ಲ. ಪರದೆ ಬಸ್ಸನ್ನು ಕಳಿಸದಿದ್ದಾಗ ಜನ ತಮ್ಮ ಬಸ್ಸನ್ನು ತಾವೇ ತಂದುಕೊಳ್ಳುತ್ತಾರೆ. ಆದರೆ ಒಬ್ಬನ ಬಿಡುಗಡೆ ಪಕ್ಕದವನ ತನ್ಮಯತೆಯನ್ನು ಕೆಡಿಸುತ್ತದೆ ಎಂಬುದೂ ನಿಜ.

ನಮ್ಮ ಪ್ರಾಚೀನರು ಈ ತೊಡಕನ್ನು ಬಲ್ಲವರು. ಭಯಾನಕ ರಸಕ್ಕೆ ಕಾರಣವಾಗುವ ಸಂಗತಿಗಳನ್ನು ಭರತನ ನಾಟ್ಯಶಾಸ್ತ್ರ ಪಟ್ಟಿ ಮಾಡುತ್ತದೆ. ವಿಕಾರವಾದ ಸದ್ದು, ಭೂತದರ್ಶನ, ನರಿ ಗೂಬೆಗಳ ಕೂಗು, ಪಾಳುಮನೆ, ಕಾಡು, ಇವು ಅದರಲ್ಲಿವೆ. ಇವುಗಳ ಜೊತೆಗೇ ಸ್ವಜನರ ವಧೆ ಬಂಧನಗಳನ್ನು ಕಾಣುವುದು, ಕೇಳುವುದು ಕೂಡ ಇದೆ. ದೆವ್ವವೂ ಬಂಧುವಿನ ಸಾವೂ ಒಂದೇ ಪಟ್ಟಿಯಲ್ಲಿರುವುದು ಗಮನಾರ್ಹ. ಸಾವಿನ ಮನೆಯ ದುಃಖವನ್ನು ತೋರಿಸುವ ಚಿತ್ರ ದೆವ್ವದ ಚಿತ್ರವಾಗದೆಂಬ ಆಕ್ಷೇಪಕ್ಕೆ ಅಲ್ಲಿಯೇ ಉತ್ತರ ಸಿಗುತ್ತದೆ.

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಶಾಕುಂತಲದಲ್ಲಿ ದುಷ್ಯಂತನ ರಥದ ಮುಂದೆ ಪ್ರಾಣಭಯದಿಂದ ಓಡುವ ಜಿಂಕೆಯ ವರ್ಣನೆಯನ್ನು ಆತ ಎತ್ತಿಕೊಳ್ಳುತ್ತಾನೆ. ಅದನ್ನು ಸವಿಯುವಾಗ ಹುಟ್ಟುವ ಭಯ ಜಿಂಕೆಯದೂ ಅಲ್ಲ, ನನ್ನದೂ ಅಲ್ಲ, ನಿನ್ನದೂ ಅಲ್ಲ. ಯಾರ ಹೆಸರೂ ಅಂಟದ ಶುದ್ಧ ಭಯ ಅದು ಎಂಬುದು ಅವನ ವಾದದ ಸಾರ. ಅಂಥ ಅನುಭವಕ್ಕೆ ಅಡ್ಡ ಬರುವ ವಿಘ್ನಗಳನ್ನೂ ಆತ ಹೆಸರಿಸಿದ್ದಾನೆ. ಕಂಡದ್ದನ್ನು ಸಂಭವನೀಯವೆಂದು ಒಪ್ಪಲಾಗದಿರುವುದು ಒಂದು ವಿಘ್ನ. ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿರುವುದು ಇನ್ನೊಂದು. ದೆವ್ವವನ್ನು ನಂಬದವನಿಗೆ ಮೊದಲನೆಯದು ಅಡ್ಡ ಬರುತ್ತದೆ. ಇತ್ತೀಚೆಗೆ ಮನೆಯಲ್ಲಿ ಯಾರನ್ನೋ ಕಳೆದುಕೊಂಡವನಿಗೆ ಎರಡನೆಯದು. ಅವನಿಗೆ ಪರದೆಯ ಮೇಲಿನ ತಾಯಿಯ ಆಕ್ರಂದನ ರಸವಾಗುವುದಿಲ್ಲ, ಗಾಯವಾಗುತ್ತದೆ. ಕಾರ್ಡಿನ ಮೇಲೆ ಅವನು ಬರೆದ 'ಡಿ'ಗೂ ಬೇಸತ್ತು ಆಕಳಿಸಿದವನು ಬರೆದ 'ಡಿ'ಗೂ ಅರ್ಥ ಬೇರೆ. ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ.

ಮೊದಲ ತೀರ್ಪು ಕೊನೆಯ ತೀರ್ಪಾಗಬೇಕಿಲ್ಲ ಎಂಬುದಕ್ಕೆ ಸ್ಟ್ಯಾನ್ಲಿ ಕ್ಯೂಬ್ರಿಕ್‌ನ 'ದಿ ಶೈನಿಂಗ್' ಸಾಕ್ಷಿ. ಹಿಮದಲ್ಲಿ ಮುಚ್ಚಿಹೋದ ಹೋಟೆಲಿನಲ್ಲಿ ಒಂದು ಪುಟ್ಟ ಸಂಸಾರ. ಉದ್ದನೆಯ ಓಣಿಗಳಲ್ಲಿ ಮಗುವಿನ ಮೂರುಗಾಲಿಯ ಸೈಕಲ್ಲು ಜಮಖಾನೆಯ ಮೇಲೆ ಮೌನವಾಗಿ, ಮರದ ನೆಲದ ಮೇಲೆ ಗಡಗಡನೆ ಓಡುತ್ತಲೇ ಇರುತ್ತದೆ. 1980ರ ಮೇ ತಿಂಗಳಲ್ಲಿ ತೆರೆಕಂಡಾಗ ಅನೇಕರಿಗೆ ಅದು ನೀರಸವೆನಿಸಿತು. ಮೂಲ ಕಾದಂಬರಿಯನ್ನು ಬರೆದ ಸ್ಟೀಫನ್ ಕಿಂಗ್ ಅದನ್ನು ಮೆಚ್ಚಲಿಲ್ಲ. ಬಿಡುಗಡೆಯ ಬಳಿಕ ಕ್ಯೂಬ್ರಿಕ್ ಕೊನೆಯ ಆಸ್ಪತ್ರೆಯ ದೃಶ್ಯವನ್ನು ಕತ್ತರಿಸಿ ತೆಗೆದ. ಕೆಟ್ಟ ಚಿತ್ರಗಳನ್ನು ಲೇವಡಿ ಮಾಡಲು ಆಗತಾನೇ ಹುಟ್ಟಿದ್ದ ರ‍್ಯಾಝಿ ಪ್ರಶಸ್ತಿಗೆ ನಿರ್ದೇಶಕನ ಹೆಸರೂ ನಟಿ ಶೆಲ್ಲಿ ಡುವಾಲ್ ಹೆಸರೂ ಸೂಚಿತವಾದವು. ಮುಂದೆ 2018ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದೇ ಚಿತ್ರವನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ರ‍್ಯಾಝಿಯವರೇ ಡುವಾಲ್ ಹೆಸರನ್ನು ಹಿಂತೆಗೆದುಕೊಂಡರು. ಚಿತ್ರದಲ್ಲಿ ಏನೂ ಬದಲಾಗಿರಲಿಲ್ಲ. ಏನನ್ನು ಕಾಯಬೇಕೆಂಬುದು ಈ ನಡುವೆ ಪ್ರೇಕ್ಷಕರಿಗೆ ತಿಳಿದಿತ್ತು, ಅಷ್ಟೆ.

ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಇಂಥ ಚಿತ್ರಗಳಿಗೆ ಇನ್ನೊಂದು ಪರೀಕ್ಷೆಯೂ ಇದೆ. ಅದು ಇಂಟರ್‌ವಲ್ಲು. ಮಧ್ಯಂತರವೆಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಯಾರಾದ ಹೊರದೇಶದ ಚಿತ್ರವನ್ನು ಇಲ್ಲಿ ನಡುವೆ ತಡೆದು ದೀಪ ಹಾಕುತ್ತಾರೆ. ಒಂದು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿದ್ದು ಕಾಫಿ, ಪಾಪ್‌ಕಾರ್ನ್‌ಗಳ ಸಾಲಿನಲ್ಲಿ ಆರಿಹೋಗುತ್ತದೆ. ಆಮೇಲೆ ಅದನ್ನು ಮತ್ತೆ ಹೊತ್ತಿಸುವ ಹೊರೆ ಚಿತ್ರದ ಮೇಲೆ ಬೀಳುತ್ತದೆ. ಮನೆಯಲ್ಲಿ ಮೊಬೈಲು ಪಕ್ಕದಲ್ಲಿಟ್ಟುಕೊಂಡು ನೋಡುವವರಿಗಂತೂ ಐದು ನಿಮಿಷಕ್ಕೊಂದು ಇಂಟರ್‌ವಲ್ಲು.

ಮೊದಲ ರಾತ್ರಿಯ ಅಂಕಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಕೊಟ್ಟ ಮಾತಿಗೂ ಕಾಣಿಸಿದ್ದಕ್ಕೂ ಎಷ್ಟು ದೂರವೆಂಬುದನ್ನು ಅದು ಸರಿಯಾಗಿಯೇ ಅಳೆಯುತ್ತದೆ. ಭಯವನ್ನು ಅಳೆಯಲು ಮಾತ್ರ ಅದು ಸಾಲದು. ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ನಮಗೇ. ಎಲ್ಲರನ್ನೂ ಒಂದೇ ಕ್ಷಣದಲ್ಲಿ ಬೆಚ್ಚಿಸುವ ಚಿತ್ರಗಳಿಗೆ ಮಾತ್ರ ಹಣ ಹುಟ್ಟಿ, ನಮ್ಮ ಪಾಲಿನ ಕೆಲಸವನ್ನು ನಮಗೇ ಬಿಟ್ಟುಕೊಡುವ ಚಿತ್ರಗಳು ವಿರಳವಾಗುತ್ತವೆ.

ಹಳ್ಳಿಗಳಲ್ಲಿ ಅಜ್ಜಿಯರು ರಾತ್ರಿ ಕಥೆ ಹೇಳುವಾಗ ಒಂದು ಕಟ್ಟಳೆಯಿತ್ತು. ಕೇಳುವ ಮಗು ಸಾಲುಸಾಲಿಗೂ 'ಹೂಂ' ಎನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಮಗುವಿಗೆ ನಿದ್ದೆ ಬಂತೆಂದು ಕಥೆಯೂ ನಿಲ್ಲುತ್ತಿತ್ತು. ನಿಧಾನವಾಗಿ ಕುದಿಯುವ ದೆವ್ವದ ಚಿತ್ರ ಪ್ರೇಕ್ಷಕನಿಂದ ಕೇಳುವುದೂ ಆ ಹೂಂಕಾರವನ್ನೇ. ಸಿನಿಮಾಕ್ಕೆ ಅಜ್ಜಿಯ ಕಿವಿಯಿಲ್ಲ. ನಾವು ಹೂಂಗುಟ್ಟುವುದನ್ನು ಬಿಟ್ಟರೂ ಅದು ಕತ್ತಲಲ್ಲಿ ತನ್ನ ಕಥೆಯನ್ನು ಹೇಳುತ್ತಲೇ ಇರುತ್ತದೆ.