ಮೂರಡಿ ಮೇಜು, ಹತ್ತು ಮೀಟರ್ ಗುರಿ

ನಂಜನಗೂಡು ತಾಲ್ಲೂಕಿನಲ್ಲಿ ಬಂಡೀಪುರದ ಕಾಡಂಚಿಗೆ ಅಂಟಿಕೊಂಡ ಹೆಡಿಯಾಲದ ಸೀಮೆಯವರಿಗೆ ಬಂದೂಕು ಎಂದೊಡನೆ ನೆನಪಾಗುವುದು ಕಾಡುಹಂದಿ, ಬೆಳೆ ರಕ್ಷಣೆಯ ಲೈಸೆನ್ಸು, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ಓಡಾಟ. ತಿ. ನರಸೀಪುರದ ಕಡೆಯೂ ಮಾತು ಇದಕ್ಕಿಂತ ಬೇರೆಯಲ್ಲ. ಇದೇ ಸೀಮೆಯ ಮಗುವೊಂದು ಶೂಟಿಂಗ್ ಕಲಿಯುತ್ತೇನೆ ಎಂದರೆ ಮನೆಯವರು ಗಾಬರಿಯಾಗುವುದು ಸಹಜ. ಆದರೆ ಆ ಕ್ರೀಡೆಯ ಅರ್ಧ ಕೆಲಸ ನಡೆಯುವುದು ಮೈದಾನದಲ್ಲಲ್ಲ, ಮನೆಯ ಮೂಲೆಯಲ್ಲಿ ಹಾಕಿದ ಒಂದು ಪುಟ್ಟ ಮೇಜಿನ ಮೇಲೆ.

ಅಮೆರಿಕದಲ್ಲಿ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುವ ಹವ್ಯಾಸವಿದೆ. ಅದಕ್ಕೆ ಬೇಕಾದ ಒತ್ತುಯಂತ್ರ, ತಕ್ಕಡಿ, ಅಳತೆಪಟ್ಟಿಗಳನ್ನೆಲ್ಲ ಗ್ಯಾರೇಜಿನ ಮೂಲೆಯಲ್ಲಿ ಜೋಡಿಸಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಆ ದಾರಿಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯದೇ ಲೈಸೆನ್ಸು ಬೇಕು. ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಕಾಯ್ದೆ ಮದ್ದುಗುಂಡೆಂದೇ ಎಣಿಸುತ್ತದೆ. ಬಂದೂಕಿನ ಲೈಸೆನ್ಸು ಇದೆ ಎಂದ ಮಾತ್ರಕ್ಕೆ ತೋಟಾ ತುಂಬುವ ಹಕ್ಕು ಬರುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಸಿಕ್ಕಿರುವ ವಿನಾಯಿತಿ ಸಹ ಬಂದೂಕು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಮಾತ್ರ. ಹನ್ನೆರಡು ಬೋರಿನ ತೋಟಾ ಬೇಕಿದ್ದ ರೈತ ಲೈಸೆನ್ಸು ಪುಸ್ತಕ ಹಿಡಿದು ಅಂಗಡಿಗೇ ಹೋಗಬೇಕು. ಖಡ್ಕಿಯ ಕಾರ್ಖಾನೆಯ ‘ಶಕ್ತಿಮಾನ್’ ತೋಟಾಗಳು ಸಿಗುವುದು ಅಲ್ಲೇ. ಈ ಬಿಗಿ ಸರಿಯಾದದ್ದೇ. ಮಕ್ಕಳಿರುವ ಮನೆಯ ಅಟ್ಟದಲ್ಲಿ ಮದ್ದಿನ ಡಬ್ಬಿ ಇರಬಾರದು.

ಮನೆಯಲ್ಲಿ ಕಾನೂನುಬದ್ಧವಾಗಿ ಮಾಡಬಹುದಾದ ಕೆಲಸ ಏರ್‌ ರೈಫಲ್ ಮತ್ತು ಏರ್‌ ಪಿಸ್ತೂಲಿನದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸು ಬೇಕಿಲ್ಲ. ಸ್ಪರ್ಧೆಯ ಏರ್‌ ರೈಫಲ್ ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಕಳಿಸುತ್ತದೆ. ಶಕ್ತಿ ಏಳೂವರೆ ಜೂಲಿನ ಆಸುಪಾಸು. ಇಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ, ಇರುವುದು ಒತ್ತಿಟ್ಟ ಗಾಳಿ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್‌ ರೈಫಲ್‌ನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದು 10 ಮೀಟರ್ ಏರ್‌ ಪಿಸ್ತೂಲಿನಲ್ಲಿ.

ಈ ಪೆಲೆಟ್ಟುಗಳನ್ನು ಆರಿಸಿ ತೂಗುವ ಮೇಜಿನ ವಿಚಾರಕ್ಕೆ ಬರೋಣ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಸಾಕು. ಜಾಗ ತೀರ ಇಕ್ಕಟ್ಟಾಗಿದ್ದರೆ ಗೋಡೆಗೆ ಕೀಲು ಹಾಕಿ, ಕೆಲಸ ಮುಗಿದ ಮೇಲೆ ಮಡಚಿಡುವಂತೆ ಮಾಡಿಸಬಹುದು. ಹಲಗೆ ಅಲುಗಾಡಬಾರದು, ಅಷ್ಟೇ. ತೂಕ ಮಾಡಲು ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಚಿನ್ನ ಬೆಳ್ಳಿ ಅಂಗಡಿಗಳಲ್ಲಿರುವ ಬಗೆಯದೇ. ಅದರ ಕೆಳಗೆ ಪಾಲಿಶ್ ಮಾಡಿದ ಕರಿಕಲ್ಲಿನ ತುಂಡೊಂದನ್ನು ಇಡಿ. ಚಾಮರಾಜನಗರದ ಕಲ್ಲು ಮನೆಮನೆಯ ಅಡುಗೆ ಕಟ್ಟೆಗೆ ಬರುವ ಈ ಸೀಮೆಯಲ್ಲಿ ಒಂದು ಕೊನೆತುಂಡು ಸಿಗುವುದೇನೂ ಕಷ್ಟವಲ್ಲ. ತೂಕ ಮಾಡುವಾಗ ಫ್ಯಾನು ಬಂದ್. ಗಾಳಿ ಆಡಿದರೆ ಕೊನೆಯ ಅಂಕಿ ಒಂದು ಕಡೆ ನಿಲ್ಲುವುದಿಲ್ಲ.

ಪೆಲೆಟ್ಟಿನ ಆಕಾರ ಡಮರುವಿನದು. ತಲೆ ಚಪ್ಪಟೆ, ನಡು ಸಣ್ಣ, ಹಿಂಭಾಗ ಟೊಳ್ಳಾದ ಲಂಗ. ಗಾಳಿಯ ಒತ್ತಡಕ್ಕೆ ಈ ಲಂಗ ಅಗಲಿಸಿ ನಳಿಗೆಯ ಒಳಮೈಗೆ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಲಂಗದ ಅಂಚು ನಗ್ಗಿದ ಪೆಲೆಟ್ ಸುಸೂತ್ರವಾಗಿ ಹೋಗಲಾರದು. ಡಬ್ಬಿಯಲ್ಲಿ ಐನೂರು ಇರುತ್ತವೆ, ಸಾಗಣೆಯ ಕುಲುಕಾಟಕ್ಕೆ ಒಂದಷ್ಟು ನಗ್ಗಿರುತ್ತವೆ. ಅವನ್ನು ಹಿಡಿಯಲು ಒಂದು ಗಾಜಿನ ತುಂಡು ಸಾಕು. ಗಾಜನ್ನು ಒಂದಿಷ್ಟು ಓರೆಯಾಗಿಟ್ಟು ಮೇಲಿನಿಂದ ಒಂದೊಂದೇ ಪೆಲೆಟ್ ಉರುಳಿಸಿ. ತಲೆಗೂ ಲಂಗಕ್ಕೂ ದಪ್ಪದಲ್ಲಿ ವ್ಯತ್ಯಾಸವಿರುವುದರಿಂದ ಅದು ನೇರ ಉರುಳದೆ ಬಿಲ್ಲಿನಂತೆ ಬಾಗಿ ಇಳಿಯುತ್ತದೆ. ಸರಿಯಾದದ್ದು ನುಣ್ಣಗೆ ಇಳಿದು, ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ನಗ್ಗಿದ್ದು ಕುಂಟುತ್ತ ಬೇರೆಲ್ಲೋ ಹೋಗುತ್ತದೆ. ಅದನ್ನು ಎತ್ತಿ ಪಕ್ಕಕ್ಕಿಡಿ. ಉಳಿದವನ್ನು ತೂಗಿ, ಮಣಿ ಗುಂಡಿ ಇಡುವ ಖಾನೆಗಳ ಡಬ್ಬಿಯಲ್ಲಿ ಬೇರೆ ಬೇರೆ ಹಾಕಿಡಬಹುದು.

ತೂಗುವುದರಿಂದ ಆಗುವ ಲಾಭಕ್ಕಿಂತ ಕಣ್ಣಿಟ್ಟು ಆರಿಸುವುದರಿಂದ ಆಗುವ ಲಾಭವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಸ್ಪರ್ಧಿಗಳು ತಮ್ಮ ರೈಫಲ್ಲನ್ನು ಚೌಕಟ್ಟಿಗೆ ಬಿಗಿದು, 4.49, 4.50 ಎಂದು ತಲೆಯ ಅಳತೆ ಬೇರೆಯಾದ ಪೆಲೆಟ್ಟುಗಳನ್ನು ಹಾರಿಸಿ, ಯಾವುದರ ತೂತುಗಳು ಒಂದೇ ಕಡೆ ಗುಂಪಾಗುತ್ತವೆಂದು ನೋಡುತ್ತಾರೆ. ರೈಫಲ್ ಗುರಿಯ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅವರಿಗೆ ಈ ಶ್ರಮ ಬೇಕು. ಹೊಸಬರಿಗೆ ಆರಿಸುವ ಅಭ್ಯಾಸವೇ ದೊಡ್ಡ ಪಾಠ. ಅರವತ್ತು ಗುಂಡುಗಳನ್ನು ಒಂದು ಗಂಟೆ ಹದಿನೈದು ನಿಮಿಷದಲ್ಲಿ ಮುಗಿಸಬೇಕಾದ ಆಟಕ್ಕೆ ಬೇಕಾದ ನಿಧಾನ, ಈ ಮೇಜಿನ ಮುಂದೆ ಕೂತವರ ಕೈಗೆ ತಾನಾಗಿ ಬರುತ್ತದೆ.

ಇನ್ನು ಹತ್ತು ಮೀಟರ್ ಜಾಗದ ಪ್ರಶ್ನೆ. ಹತ್ತು ಮೀಟರ್ ಎಂದರೆ ಸುಮಾರು ಮೂವತ್ತಮೂರು ಅಡಿ. ಬೀದಿ ಬಾಗಿಲಿನಿಂದ ಹಿತ್ತಿಲವರೆಗೆ ಒಂದೇ ಸಾಲಿನಲ್ಲಿ ಉದ್ದಕ್ಕೆ ಕಟ್ಟಿದ ಹಳೆಯ ಮನೆಯಾದರೆ ಇಷ್ಟು ಜಾಗ ಸಿಕ್ಕೀತು. ಮೂವತ್ತು ನಲವತ್ತರ ಸೈಟಿನ ಹೊಸ ಮನೆಯಲ್ಲಿ ಸಿಗುವುದು ಕಷ್ಟ. ಆಗ ಐದು ಮೀಟರಿನಲ್ಲಿ, ಅರ್ಧಕ್ಕಿಳಿಸಿದ ಗುರಿಹಾಳೆ ಇಟ್ಟು, ಪೆಲೆಟ್ ಹಾಕದೆ ಬರೀ ಕುದುರೆ (ಟ್ರಿಗರ್) ಒತ್ತುವ ಅಭ್ಯಾಸ ಮಾಡಬೇಕು. ರೈಫಲ್ ಗುರಿಯ 30.5 ಮಿ.ಮೀ. ಕಪ್ಪು ವೃತ್ತ 15.25 ಆಗುತ್ತದೆ. ಎತ್ತರವನ್ನೂ ಲೆಕ್ಕ ಹಾಕಬೇಕು: ಸ್ಪರ್ಧೆಯ ಅಂಗಣದಲ್ಲಿ ಗುರಿಯ ನಡು ನೆಲದಿಂದ 1.4 ಮೀಟರ್ ಮೇಲಿರುತ್ತದೆ. ನಿಂತವರ ಕಣ್ಣು 1.6 ಮೀಟರಿನಲ್ಲಿದ್ದರೆ ಅರ್ಧ ದಾರಿಯಲ್ಲಿ ಗುರಿ 1.5ಕ್ಕೆ ಬರಬೇಕು. ಇದನ್ನು ತಪ್ಪಿಸಿದರೆ ಮನೆಯಲ್ಲಿ ಕಲಿತ ನಿಲುವು ಸ್ಪರ್ಧೆಯಲ್ಲಿ ಒಗ್ಗುವುದಿಲ್ಲ.

ಸೀಸ ವಿಷ. ಈ ಮೇಜಿನ ಮೇಲೆ ಕಾಫಿ ಲೋಟ, ತಿಂಡಿ ತಟ್ಟೆ ಬರಕೂಡದು. ಅಡುಗೆಮನೆಯ ಪಾತ್ರೆಗಳನ್ನು ಇಲ್ಲಿಗೆ ತರಬಾರದು, ಇಲ್ಲಿನ ಡಬ್ಬಿಗಳು ಅಲ್ಲಿಗೆ ಹೋಗಬಾರದು. ಪೊರಕೆಯಲ್ಲಿ ಗುಡಿಸಿದರೆ ಸೀಸದ ಪುಡಿ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೆಲಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯುವುದನ್ನು ಮಕ್ಕಳಿಗೆ ಮೊದಲ ದಿನವೇ ರೂಢಿ ಮಾಡಿಸಿ. ರೈಫಲ್ಲಿನ ಗಾಳಿ ಸಿಲಿಂಡರಿನ ವಿಷಯದಲ್ಲೂ ಎಚ್ಚರ ಬೇಕು, ಅದರ ಒತ್ತಡ ಸಾಮಾನ್ಯವಾಗಿ 200 ಬಾರ್. ಅದರ ಮೇಲೆ ಕೆತ್ತಿದ ತಾರೀಕು ನೋಡಿಕೊಂಡು, ಹತ್ತು ವರ್ಷ ದಾಟಿದ್ದರೆ ಬಳಸಬೇಡಿ.

ಏರ್‌ಗನ್ ಕೈಗೆ ಬಂತೆಂದು ಹೊಲದ ಬದುವಿಗೆ, ಕೆರೆಯ ಏರಿಗೆ ಹೊತ್ತೊಯ್ಯಬಾರದು. ನಂಜನಗೂಡಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳತ್ತ ಗುರಿ ಹಿಡಿಯುವುದು ಅಪರಾಧ.

ಹಣ ಹೊಂದಿಸುವವರು ಮೊದಲು ಖರ್ಚು ಮಾಡಬೇಕಾದದ್ದು ರೈಫಲ್ಲಿಗಲ್ಲ, ಪೆಲೆಟ್ ಹಿಡಿಯುವ ಉಕ್ಕಿನ ಪೆಟ್ಟಿಗೆಗೆ ಮತ್ತು ಅದರ ಹಿಂದಿನ ದಪ್ಪ ಹಲಗೆಗೆ. ಗುರಿಯ ಪಕ್ಕ ಬಾಗಿಲಿದ್ದರೆ ಅದಕ್ಕೆ ಒಳಗಿನಿಂದ ಚಿಲಕ ಇರಲೇಬೇಕು. ಆಮೇಲೆ ಮೇಜು, ಗಾಜು, ತಕ್ಕಡಿ. ರೈಫಲ್ಲನ್ನು ಮಾತ್ರ ತರಬೇತುದಾರರ ಕಣ್ಣೆದುರು ಒಂದಷ್ಟು ತಿಂಗಳು ಕ್ಲಬ್ಬಿನದನ್ನೇ ಹಿಡಿದು, ಮಗುವಿನ ತೋಳಿನ ಅಳತೆಗೆ ಯಾವುದು ಒಗ್ಗುತ್ತದೆಂದು ತಿಳಿದ ಮೇಲೆ ಕೊಳ್ಳುವುದು ಒಳ್ಳೆಯದು.