ಖಾತೆಗೆ ಬೀಗ ಬಿದ್ದರೆ ತೆಗೆಯುವುದು ಹೇಗೆ?

ಶಾಲೆ-ಕಾಲೇಜು ಶುರುವಾಯಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಆನ್‌ಲೈನ್ ಸೆಂಟರ್‌ಗಳಲ್ಲಿ ಮಕ್ಕಳು, ಪಾಲಕರ ಓಡಾಟವೂ ಶುರು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ವೃತ್ತಿಶಿಕ್ಷಣಕ್ಕೆ ಸಿಇಟಿ, ಅಂಕಪಟ್ಟಿಗೆ ಡಿಜಿಲಾಕರ್. ಒಂದೊಂದಕ್ಕೂ ಒಂದೊಂದು ಖಾತೆ. ಹೋದ ವರ್ಷ ಕೊಟ್ಟ ಪಾಸ್‌ವರ್ಡ್ ಈ ವರ್ಷ ನೆನಪಿರುವುದಿಲ್ಲ. ಅಂದಾಜಿನ ಮೇಲೆ ನಾಲ್ಕೈದು ಸಲ ಒತ್ತಿದರೆ ಖಾತೆಗೆ ಬೀಗ ಬೀಳುವುದುಂಟು. ಅರ್ಜಿಯ ಕೊನೆಯ ದಿನಾಂಕ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.

ಮಾಲೀಕನನ್ನೇ ಹೊರಗಿಡುವ ಈ ಬೀಗ ಏಕೆ ಬೇಕು? ಒಂದು ಸಣ್ಣ ಲೆಕ್ಕ ನೋಡಿ. ನಾಲ್ಕು ಅಂಕಿಗಳ ಗುಪ್ತಸಂಖ್ಯೆಗಳು ಒಟ್ಟು 10,000. ಸೆಕೆಂಡಿಗೆ ಹತ್ತರಂತೆ ಯಂತ್ರವೊಂದು ಪರೀಕ್ಷಿಸುತ್ತಾ ಹೋದರೆ 17 ನಿಮಿಷದೊಳಗೆ ಎಲ್ಲವೂ ಮುಗಿಯುತ್ತವೆ. ಐದು ತಪ್ಪಿಗೊಮ್ಮೆ ಅರ್ಧ ಗಂಟೆ ಬಾಗಿಲು ಮುಚ್ಚಿದರೆ ಅದೇ ಕೆಲಸಕ್ಕೆ 1,000 ಗಂಟೆ, ಅಂದರೆ ಸುಮಾರು 42 ದಿನ ಬೇಕು. ಕಳ್ಳನ ಕೈ ಸೋಲಿಸುವುದು ಈ ವಿಳಂಬವೇ.

ಪುಡಿಯಾದ ಮೆಣಸಿನಕಾಯಿ

'ನನ್ನ ಹಳೆಯ ಪಾಸ್‌ವರ್ಡ್ ಹೇಳಿಬಿಡಿ' ಎಂದು ಕಚೇರಿಯಲ್ಲಿ ಕೇಳುವವರಿದ್ದಾರೆ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಅದು ಅಧಿಕಾರಿಗೂ ಗೊತ್ತಿರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ಪುಡಿ ಮಾಡಬಹುದು. ಪುಡಿಯಿಂದ ಮತ್ತೆ ಕಾಯಿ ಮಾಡಲಾಗದು. ಪಾಸ್‌ವರ್ಡನ್ನೂ ಹೀಗೆಯೇ ಗಣಿತದ ಗಿರಣಿಯಲ್ಲಿ ಅರೆದು, ಬಂದ ಪುಡಿಯನ್ನಷ್ಟೇ ಸರ್ವರ್ ಇಟ್ಟುಕೊಳ್ಳುತ್ತದೆ. ಇದಕ್ಕೆ 'ಹ್ಯಾಶ್' ಎಂದು ಹೆಸರು. ನೀವು ಮತ್ತೆ ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಅರೆದು, ಎರಡೂ ಪುಡಿ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಯುನಿಕ್ಸ್ ವ್ಯವಸ್ಥೆಯ ಈ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನವೊಂದರಲ್ಲಿ ವಿವರಿಸಿದ್ದರು. ಆದ್ದರಿಂದ ಹಳೆಯದನ್ನು ಹುಡುಕುವಂತಿಲ್ಲ. ಹೊಸದನ್ನು ಪಡೆಯುವುದೇ ದಾರಿ.

ನೀವೇ ಎಂಬುದಕ್ಕೆ ಸಾಕ್ಷಿ

ಹೊಸದನ್ನು ಕೊಡುವ ಮುನ್ನ ಕಂಪ್ಯೂಟರ್ ಸಾಕ್ಷಿ ಕೇಳುತ್ತದೆ. ಸಾಕ್ಷಿಗಳು ಮೂರು ಬಗೆ: ನಿಮಗೆ ಗೊತ್ತಿರುವುದು, ನಿಮ್ಮ ಬಳಿ ಇರುವುದು, ನಿಮ್ಮ ದೇಹದ ಗುರುತು. ಪಾಸ್‌ವರ್ಡ್ ಮೊದಲನೆಯದು. ಮೊಬೈಲಿಗೆ ಬರುವ ಓಟಿಪಿ ಎರಡನೆಯದು. ಬೆರಳಚ್ಚು, ಕಣ್ಣಿನ ಪಾಪೆ, ಮುಖ ಮೂರನೆಯವು. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ 2001ರ ಹೊತ್ತಿಗೇ ಪಹಣಿ ಕಂಪ್ಯೂಟರಿನ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ಏರ್ಪಾಡಿತ್ತು. ಆದರೆ ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸದೆ ಹೋಗುವುದುಂಟು.

ನಮ್ಮ ಕಡೆ ಹೆಚ್ಚಾಗಿ ಕೈಕೊಡುವುದು ಎರಡನೆಯ ಸಾಕ್ಷಿ. ತಂದೆಯ ಹಳೆಯ ಸಿಮ್ ಕೊಟ್ಟಿರುತ್ತಾರೆ. ಈಗ ಅದು ಇರುವುದಿಲ್ಲ. 90 ದಿನ ಬಳಸದೆ ಬಿಟ್ಟ ಸಿಮ್ ಸ್ಥಗಿತವಾಗಬಹುದು. ಮುಂದೆ ಅದೇ ಸಂಖ್ಯೆ ಬೇರೆಯವರ ಪಾಲಾಗಬಹುದು. ಅವಸರದಲ್ಲಿ ಅಂಗಡಿಯವರದೇ ಸಂಖ್ಯೆ ಕೊಟ್ಟವರೂ ಇದ್ದಾರೆ. ಆಗ ಮನೆಯ ಬೀಗದ ಕೈ ಪರರ ಜೇಬಿನಲ್ಲಿದ್ದಂತೆ.

ದೊಡ್ಡವರಿಗೂ ಈ ತಾಪತ್ರಯ ತಪ್ಪಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ತಂತ್ರಾಂಶದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಬಿಟ್‌ಲಾಕರ್ ಬೀಗವಿದ್ದ ಕಂಪ್ಯೂಟರುಗಳನ್ನು ದುರಸ್ತಿ ಮಾಡಲು 48 ಅಂಕಿಗಳ ಚೇತರಿಕೆ ಸಂಖ್ಯೆ ಬೇಕಾಯಿತು. ಅದನ್ನು ಬೇರೆಡೆ ಬರೆದಿಟ್ಟವರು ಬೇಗ ಪಾರಾದರು.

ಪಾಲಕರು ಮಾಡಬೇಕಾದ್ದು

ಎರಡು ಸಲ ತಪ್ಪಿದರೆ ಕೈ ತಡೆಯಿರಿ. 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಒತ್ತಿ. ಬೀಗ ಬಿದ್ದಿದ್ದರೆ ಅದು ಹೇಳಿದಷ್ಟು ಹೊತ್ತು ಕಾಯಿರಿ. ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಆಧಾರ್ ಕೇಂದ್ರದಲ್ಲಿ ಹೊಸದನ್ನು ಸೇರಿಸಿ, ಬಳಿಕ ಶಾಲೆ ಅಥವಾ ಸಂಬಂಧಿಸಿದ ಇಲಾಖೆಯ ಸಹಾಯವಾಣಿಯನ್ನು ವಿಚಾರಿಸಿ. ಖಾತೆ ತೆರೆಯುವಾಗ ಮನೆಯವರದೇ, ಚಾಲ್ತಿಯಲ್ಲಿರುವ ಸಂಖ್ಯೆ ಕೊಡಿ. ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಂಕಪಟ್ಟಿಯ ಜೊತೆ ಟ್ರಂಕಿನಲ್ಲಿಡುವುದು ನಾಚಿಕೆಯ ಸಂಗತಿಯಲ್ಲ. ದೂರದ ಕಳ್ಳನ ಕೈ ಅಲ್ಲಿಗೆ ಮುಟ್ಟದು.

'ಲಾಕ್ ತೆಗೆದುಕೊಡುತ್ತೇವೆ, ಓಟಿಪಿ ಹೇಳಿ' ಎಂದು ಫೋನ್ ಬಂದರೆ ಕೂಡಲೇ ಇಟ್ಟುಬಿಡಿ. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆಮಾಡಿ. ಕೊನೆಯ ದಿನಾಂಕಕ್ಕೆ ಹದಿನೈದು ದಿನ ಮೊದಲೇ ಖಾತೆಯನ್ನೊಮ್ಮೆ ತೆರೆದು ನೋಡಿದರೆ, ಬೀಗ ಬಿದ್ದರೂ ತೆಗೆಯಲು ಸಮಯವಿರುತ್ತದೆ.