ಕೊನೆಗೌಡನೂ ಕ್ರೇನೂ

ಶಿರೂರು ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸು ಕರಾವಳಿಯತ್ತ ಹರಿಯುವುದು ಸಹಜ. ಉಡುಪಿಯ ಅಷ್ಟಮಠಗಳಲ್ಲೊಂದು ಶಿರೂರು ಮಠ. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿದ ದುರಂತ ನಡೆದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ನಾನು ಬರೆಯಹೊರಟಿರುವುದು ಇವೆರಡೂ ಅಲ್ಲದ ಮೂರನೆಯ ಶಿರೂರಿನ ವಿಷಯ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಿಂದಿನ ಅಹಮದನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಘೋಡ್ ನದಿಯ ದಡದ ಮೇಲೆ ಈ ಊರಿದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ರಾಂಜಣಗಾಂವ್ ಇದೇ ತಾಲ್ಲೂಕಿಗೆ ಸೇರಿದ್ದು. ಅಲ್ಲಿನ ಕೈಗಾರಿಕಾ ವಸಾಹತು ನಾನಾ ಪ್ರಾಂತಗಳ ಜನರನ್ನು ತನ್ನತ್ತ ಸೆಳೆದಿದೆ. ಬ್ಯಾಂಕಿನ ವರ್ಗಾವಣೆ ನನ್ನನ್ನೂ ಕೆಲಕಾಲ ಈ ಕಡೆಗೆ ತಂದಿತು.

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ, ನಾನು ನಿತ್ಯ ಕಾಫಿ ಕುಡಿಯುವ ಹೋಟೆಲಿನ ಮಾಲೀಕರು ತಮ್ಮ ಊರಿನ ಕಡೆಯ ಯುವಕನೊಬ್ಬನನ್ನು ಶಾಖೆಗೆ ಕರೆತಂದರು. ವಯಸ್ಸು ಮೂವತ್ತರ ಆಸುಪಾಸು. ಕೂಲಿ ಜಮೆಯಾಗಲು ಖಾತೆ ಬೇಕಾಗಿತ್ತು. ಅರ್ಜಿಗೆ ಸಹಿ ಹಾಕುವಾಗ ಅವನ ಅಂಗೈಯನ್ನೂ ಪಾದದ ಒಳಬದಿಯನ್ನೂ ಕಂಡ ನಾನು, "ಊರು ಯಾವುದು? ಕೊನೆ ಕೊಯ್ಯುವವರ ಮನೆಯವರೆ?" ಎಂದು ಕೇಳಿದೆ. ಅವನು ಬೆರಗಾಗಿ ನಕ್ಕ. ಸಿದ್ದಾಪುರದ ಕಡೆಯವನು, ತಂದೆಯೂ ಅಜ್ಜನೂ ಕೊನೆಗೌಡರು. ನನ್ನ ಹುಟ್ಟೂರೂ ಆ ಸೀಮೆಯೇ ಆದುದರಿಂದ ಆ ಗಡುಸಾದ ಚರ್ಮದ ಗುರುತು ನನಗೆ ಹೊಸದಲ್ಲ.

ಇಲ್ಲಿ ಅವನಿಗೆ ದೊರೆತ ಉದ್ಯೋಗ ಮಾತ್ರ ಹೊಸದು. ಕ್ರೇನುಗಳನ್ನು ಬಾಡಿಗೆಗೆ ಕೊಡುವ ಗುತ್ತಿಗೆದಾರನೊಬ್ಬನ ಬಳಿ, ಕ್ರೇನಿನ ಸಹಾಯದಿಂದ ಮರಗಳನ್ನು ತುಂಡುತುಂಡಾಗಿ ಇಳಿಸುವ ಕೆಲಸ.

ತೋಟದ ವಿದ್ಯೆ

ಉತ್ತರ ಕನ್ನಡದ ಅಡಿಕೆ ತೋಟಗಳನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಕೊನೆಗೌಡನೆಂದರೆ ಅಡಿಕೆಯ ಕೊನೆಯನ್ನು ಕೊಯ್ಯಲು ಮರವೇರುವವನು. ಪಾದಗಳಿಗೆ ಹಗ್ಗದ ತಳೆ ತೊಟ್ಟು ಐವತ್ತು ಅರುವತ್ತು ಅಡಿ ಏರುತ್ತಾನೆ. ಒಂದು ಮರದ ಕೆಲಸ ಮುಗಿದ ಮೇಲೆ ನೆಲಕ್ಕಿಳಿಯದೆ, ಮರವನ್ನು ತೂಗಿ ಬಾಗಿಸಿ, ಪಕ್ಕದ ಮರವನ್ನು ಹಿಡಿದು ದಾಟುತ್ತಾನೆ. ಕೊಯ್ದ ಕೊನೆ ಹಗ್ಗದ ಗುಂಟ ಜಾರಿ ಕೆಳಗೆ ಬರುತ್ತದೆ. ಹಗ್ಗದ ತುದಿ ಹಿಡಿದು ನಿಂತವನ ಮೇಲೆ ಮೇಲಿರುವವನಿಗೆ ಪೂರ್ಣ ಭರವಸೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಲೂ, ಕೊನೆಗೆ ಕೊಟ್ಟೆ ಕಟ್ಟಲೂ, ಹಾವಸೆಗಟ್ಟಿದ ಅದೇ ಮರಗಳನ್ನು ಅವನೇ ಏರಬೇಕು.

ಈ ವಿದ್ಯೆಯನ್ನು ಬಲ್ಲವರ ಸಂಖ್ಯೆ ಕುಗ್ಗುತ್ತಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ತರುಣರಿಗೆ ಯಂತ್ರದ ನೆರವಿನಿಂದ ತೆಂಗಿನ ಮರ ಏರುವ ತರಬೇತಿಯನ್ನು ಆರಂಭಿಸಿತು. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ನಿರ್ಮಿಸಿದ, ಕುಳಿತು ಮರವೇರುವ ಮೋಟಾರು ಬೈಕು 2019ರಲ್ಲಿ ದೇಶದ ಗಮನ ಸೆಳೆಯಿತು. ಇತ್ತೀಚೆಗೆ ಕಾರ್ಬನ್ ಫೈಬರಿನ ಹಗುರವಾದ ದೋಟಿಗಳು ಬಂದು, ನೆಲದ ಮೇಲೆ ನಿಂತೇ ಕೊನೆ ಕೊಯ್ಯುವುದು ಸಾಧ್ಯವಾಗಿದೆ. ಇವು ಸ್ವಾಗತಾರ್ಹವೇ ಸರಿ. ಆದರೆ ಮರವೇರುವುದನ್ನೇ ಕುಲವಿದ್ಯೆಯಾಗಿ ಕಲಿತವನು ಆ ವಿದ್ಯೆಯೊಡನೆ ಎಲ್ಲಿಗೆ ಹೋಗಬೇಕು? ನಮ್ಮ ಯುವಕ ಶಿರೂರಿಗೆ ಬಂದಿದ್ದ.

ಮೊದಲ ದಿನದ ನಿರಾಕರಣೆ

ಅವನ ಮೊದಲ ಕೆಲಸ ಒದಗಿದ್ದು ಅದೇ ಹೋಟೆಲಿನ ಹಿತ್ತಲಲ್ಲಿ. ಅಡುಗೆಮನೆಯ ತಗಡಿಗೂ ವಿದ್ಯುತ್ ತಂತಿಗೂ ನಡುವೆ ದೊಡ್ಡದೊಂದು ಮಳೆಮರ ಒಣಗಿ ನಿಂತಿತ್ತು. ಮಹಾರಾಷ್ಟ್ರದ ನಗರ ಪ್ರದೇಶಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ಸ್ವಂತ ಜಾಗದ ಮರವನ್ನಾದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2021ರ ತಿದ್ದುಪಡಿಯು ಐವತ್ತು ವರ್ಷ ಮೀರಿದ ಮರಗಳಿಗೆ ಪಾರಂಪರಿಕ ವೃಕ್ಷಗಳೆಂಬ ಸ್ಥಾನ ನೀಡಿದೆ. ಕರ್ನಾಟಕದಲ್ಲಿಯೂ 1976ರ ಕಾಯಿದೆಯಿದೆ. ಮಾಲೀಕರು ಅನುಮತಿ ಪತ್ರ ಪಡೆದಿದ್ದರು. ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಯ ಭಯ ಅವರಿಗೆ. ಅಂದು ರಜಾದಿನವಾದುದರಿಂದ ನಾನೂ ನೋಡಲು ಹೋದೆ.

ಕ್ರೇನು ಬಂದು ನಿಂತಿತು. ಯುವಕ ಮರದ ಸುತ್ತ ಎರಡು ಸಲ ನಡೆದ. ಬುಡದ ಮಣ್ಣು ಕೆದಕಿದ. ಕತ್ತಿಯ ಹಿಂಬದಿಯಿಂದ ಕಾಂಡವನ್ನು ಅಲ್ಲಲ್ಲಿ ತಟ್ಟಿ ಕಿವಿಗೊಟ್ಟ. ಅನಂತರ ಮೆಲ್ಲನೆ ನನ್ನತ್ತ ತಿರುಗಿ, "ಇದನ್ನ ಹತ್ತೂಕೆ ಆಗೂದಿಲ್ಲ ಸಾಹೇಬ್ರೆ, ಒಳಗೆ ಟೊಳ್ಳು ಬಿದ್ದದೆ" ಎಂದ. ಬೀದಿದೀಪ ರಿಪೇರಿ ಮಾಡುವವರು ನಿಂತುಕೊಳ್ಳುವಂಥ ಬುಟ್ಟಿಯ ಗಾಡಿ ಬಂದರೆ ಅದರಲ್ಲಿ ನಿಂತು ಕೆಲಸ ಮಾಡುವೆನೆಂದ.

ಗುತ್ತಿಗೆದಾರನ ಮುಖ ಕಪ್ಪಿಟ್ಟಿತು. ಇನ್ನೊಂದು ಗಾಡಿ ಎಂದರೆ ಇನ್ನೊಂದು ಬಾಡಿಗೆ. "ಮರ ಹತ್ತುವವನೆಂದು ಕರೆತಂದರೆ ಹತ್ತುವುದಿಲ್ಲವೆನ್ನುತ್ತಾನೆ" ಎಂದು ಮರಾಠಿಯಲ್ಲಿ ಗೊಣಗಿದ. ಮಾಲೀಕರು ನನ್ನ ಮುಖ ನೋಡಿದರು. ಸತ್ಯವನ್ನೇ ಹೇಳಬೇಕಾದರೆ, ಆ ಕ್ಷಣ ನನ್ನ ಮನಸ್ಸೂ ಖರ್ಚಿನ ಲೆಕ್ಕದಲ್ಲಿಯೇ ತೊಡಗಿತ್ತು.

ಆಗ ನೆನಪಾದದ್ದು ನಮ್ಮ ತೋಟ. ನಾನು ಆಗ ಹತ್ತು ವರ್ಷದ ಬಾಲಕ. ಮಳೆ ಬಿಟ್ಟ ಒಂದು ಮಧ್ಯಾಹ್ನ, ಅಂದು ಬೇಡವೆಂದ ಕೊನೆಗೌಡನನ್ನು ನಮ್ಮ ಮನೆಯವರೇ ಒತ್ತಾಯಿಸಿ ಔಷಧಿ ಹೊಡೆಯಲು ಹತ್ತಿಸಿದರು. ಅವನು ಬಿದ್ದ. ನಾಲ್ಕಾರು ಜನ ಸೇರಿ, ಕೈಕಾಲು ಹಿಡಿದೆತ್ತಿ, ಕಂಬಳಿಯಲ್ಲಿ ಮಡಚಿ, ಜೀಪಿನ ಹಿಂಬದಿಯಲ್ಲಿ ಕೂರಿಸಿಕೊಂಡು ಹೋದರು. ಜೀವ ಉಳಿಯಿತು, ಕಾಲುಗಳು ಮತ್ತೆ ನಡೆಯಲಿಲ್ಲ. ಬೆನ್ನುಹುರಿ ಬಿದ್ದಾಗ ಮುರಿಯಿತೊ, ನಾವು ಎತ್ತಿದಾಗ ಮುರಿಯಿತೊ, ಇಂದಿಗೂ ನನಗೆ ತಿಳಿಯದು. "ಬುಟ್ಟಿಯ ಗಾಡಿ ತರಿಸಿ" ಎಂದು ಮಾಲೀಕರಿಗೆ ಹೇಳಿದೆ. ಅವರು ತರಿಸಿದರು.

ಯಂತ್ರದ ಲೆಕ್ಕ

ಗಾಡಿ ಬರುವವರೆಗೆ ಕ್ರೇನಿನ ಚಾಲಕ ತನ್ನ ವಿದ್ಯೆಯನ್ನು ವಿವರಿಸಿದ. ವಾಣಿಜ್ಯ ಓದಿದ ನನಗೆ ಅದು ಚೆನ್ನಾಗಿಯೇ ಅರ್ಥವಾಯಿತು. ಹನ್ನೆರಡು ಟನ್ನಿನ ಕ್ರೇನು ಎಂದರೆ ಎಲ್ಲೆಡೆಯೂ ಹನ್ನೆರಡು ಟನ್ ಎತ್ತುವುದೆಂದು ಅರ್ಥವಲ್ಲ. ತೋಳು ಗಾಡಿಯ ಸಮೀಪದಲ್ಲಿದ್ದಾಗ ಮಾತ್ರ ಆ ಶಕ್ತಿ. ದೂರ ಮೂರು ಪಟ್ಟಾದರೆ ಶಕ್ತಿ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಬಹುದು. ನಮ್ಮ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಮಂಜೂರಾದ ಮಿತಿಯೇ ಬೇರೆ, ಆ ದಿನದ ದಾಸ್ತಾನು ನೋಡಿ ನಿರ್ಧರಿಸುವ ಡ್ರಾಯಿಂಗ್ ಪವರೇ ಬೇರೆ ಅಲ್ಲವೆ? ಇದೂ ಹಾಗೆಯೇ. ಯಾವ ದೂರಕ್ಕೆ ಎಷ್ಟು ಭಾರ ಎಂಬ ತಃಖ್ತೆ ಚಾಲಕನ ಬಳಿ ಇರುತ್ತದೆ.

ತುಂಡಿನ ಭಾರವನ್ನು ಮೊದಲೇ ಅಂದಾಜು ಮಾಡಬೇಕು. ಹಸಿ ಮರಕ್ಕೆ ಘನಮೀಟರಿಗೆ ಸುಮಾರು ಒಂದು ಟನ್ ಎಂದು ಹಿಡಿಯುವುದು ಕ್ಷೇಮ. ಎರಡಡಿ ದಪ್ಪ, ಹದಿಮೂರಡಿ ಉದ್ದದ ತುಂಡೇ ಒಂದು ಟನ್ನನ್ನು ಮೀರುತ್ತದೆ. ಒಣಮರ ಹಗುರವೆಂದು ಲೆಕ್ಕದಲ್ಲಿ ರಿಯಾಯಿತಿ ಕೊಡಬಾರದು. ಆ ಉಳಿತಾಯ ಮಾರ್ಜಿನ್ ಆಗಿಯೇ ಇರಲಿ. ಕ್ರೇನಿನ ಚಾಚಿದ ಕಾಲುಗಳು ಗಟ್ಟಿ ನೆಲದ ಮೇಲಿರಬೇಕು. ಶೌಚಗುಂಡಿಯ ಮುಚ್ಚಳ, ಹೊಸದಾಗಿ ತುಂಬಿದ ಮಣ್ಣು ಇವುಗಳ ಮೇಲೆ ಸರ್ವಥಾ ಕೂಡದು. ಸಮೀಪದ ತಂತಿಗಳ ವಿದ್ಯುತ್ತನ್ನು ಸಂಬಂಧಪಟ್ಟವರಿಂದಲೇ ನಿಲ್ಲಿಸಿರಬೇಕು.

ಕತ್ತರಿಸುವ ಕ್ಷಣ

ಬುಟ್ಟಿಯಲ್ಲಿ ಮೇಲೇರಿದ ಯುವಕ ಬುಟ್ಟಿಗೆ ತನ್ನ ಸೊಂಟದ ಪಟ್ಟಿಯನ್ನು ಬಿಗಿದುಕೊಂಡ. ಕ್ರೇನಿನವರು ಬೆಲ್ಟ್ ಎನ್ನುವ ಅಗಲವಾದ ಪಟ್ಟಿಯನ್ನು ಕೊಂಬೆಗೆ ಸುತ್ತಿದ. ಎಲ್ಲಿ ಸುತ್ತಬೇಕೆಂಬುದರಲ್ಲಿಯೇ ಕೌಶಲವಿದೆ. ನೆಟ್ಟಗಿನ ತುಂಡಿಗೆ ಭಾರದ ನಡುವಿಗಿಂತ ಮೇಲೆ ಕಟ್ಟಿದರೆ, ಕತ್ತರಿಸಿದ ಮೇಲೆ ಅದು ತಲೆಕೆಳಗಾಗುವುದಿಲ್ಲ. ಅಡ್ಡಕ್ಕೆ ಚಾಚಿದ ಕೊಂಬೆಗೆ ಎರಡು ಕಡೆ ಕಟ್ಟಬೇಕು. ಬಳಿಕ ಕ್ರೇನು ತುಂಡಿನ ಅಂದಾಜು ಭಾರದಷ್ಟೇ ಬಿಗಿಯನ್ನು ಹಿಡಿಯಬೇಕು. ಬಿಗಿ ಕಡಮೆಯಾದರೆ ಕತ್ತರಿಸಿದೊಡನೆ ತುಂಡು ಕುಸಿದು ಕ್ರೇನಿಗೆ ಆಘಾತ. ಹೆಚ್ಚಾದರೆ ತುಂಡು ಮೇಲಕ್ಕೆ ಚಿಮ್ಮಿ ಕತ್ತರಿಸಿದವನ ಎದೆಗೇ ಬಡಿಯಬಹುದು. ಸಂಜ್ಞೆ ಕೊಡುವವನು ಒಬ್ಬನೇ. ಆದರೆ "ನಿಲ್ಲಿಸು" ಎಂಬ ಸಂಜ್ಞೆಯನ್ನು ಯಾರು ಕೊಟ್ಟರೂ ಪಾಲಿಸಬೇಕು.

ಮೊದಲ ತುಂಡು ಸದ್ದಿಲ್ಲದೆ ಮರದಿಂದ ಬೇರ್ಪಟ್ಟು ಆಕಾಶದಲ್ಲಿ ತೇಲಿ, ತಗಡಿನ ಮೇಲೆ ಒಂದು ಚಕ್ಕೆಯನ್ನೂ ಬೀಳಿಸದೆ, ಅಂಗಳದಲ್ಲಿ ಮಲಗಿತು. ತುಂಡು ತಿರುಗದಂತೆ ಕೆಳಗಿನಿಂದ ಹಗ್ಗ ಹಿಡಿದಿದ್ದವನನ್ನು ನೋಡಿ ನನಗೆ ತೋಟದ ನೆನಪಾಯಿತು: ಮೇಲೊಬ್ಬ, ಕೆಳಗೊಬ್ಬ, ನಡುವೆ ನಂಬಿಕೆಯ ಒಂದು ಹಗ್ಗ. ಊಟದ ವೇಳೆ ಯುವಕ ಹೇಳಿದ ಮಾತು ಇದು: "ಅಡಿಕೆ ಮರ ಬಾಗಿ ಎಚ್ಚರಿಕೆ ಹೇಳ್ತದೆ. ಈ ಒಣಮರ ಏನೂ ಹೇಳೂದಿಲ್ಲ, ನಾವೇ ಕೇಳ್ಕಂಬೇಕು."

ಸಂಜೆಗೆ ಬುಡವನ್ನು ಕತ್ತರಿಸಿದರು. ಹೊರಗೆ ನಾಲ್ಕೈದು ಅಂಗುಲದ ಗಟ್ಟಿ ಮರ. ಒಳಗೆಲ್ಲ ಕಂದುಬಣ್ಣದ ಹುಡಿ. ಒಬ್ಬ ಮನುಷ್ಯ ಅದರೊಳಗೆ ಕುಳಿತುಕೊಳ್ಳಬಹುದಾಗಿತ್ತು. ಗುತ್ತಿಗೆದಾರ ಬಹಳ ಹೊತ್ತು ಅದನ್ನು ನೋಡುತ್ತ ನಿಂತ. ಅನಂತರ ಯುವಕನಿಗೆ ತಾನೇ ಚಹಾ ತಂದುಕೊಟ್ಟ.

ದೇಹದ ಕ್ಷೇಮ

ನಮ್ಮ ಸಂಚಿಕೆಯಲ್ಲಿ ಆರೋಗ್ಯ ಲೇಖನಗಳಿಗೆ ವೈದ್ಯರಿದ್ದಾರೆ. ಆದಾಗ್ಯೂ ನಿಮ್ಮ ವಸತಿ ಸಂಕೀರ್ಣದಲ್ಲಿ ಇಂಥ ಕೆಲಸ ನಡೆದಾಗ ಪ್ರತಿಯೊಬ್ಬರೂ ಅರಿತಿರಬೇಕಾದ ಕೆಲವು ಅಂಶಗಳನ್ನು ಹೇಳದಿರಲಾರೆ.

ಎತ್ತರದಿಂದ ಬಿದ್ದವನನ್ನು ಎಬ್ಬಿಸಬೇಡಿ, ಕೂರಿಸಬೇಡಿ. ಬೆಂಕಿ, ವಿದ್ಯುತ್ತಿನಂಥ ಬೇರೆ ಅಪಾಯವಿಲ್ಲದಿದ್ದರೆ ಇದ್ದಲ್ಲಿಯೇ ಇರಲಿ; ತಲೆ ಮತ್ತು ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಆಂಬ್ಯುಲೆನ್ಸಿಗೆ ಇದೇ ಸಂಖ್ಯೆ. ಉಸಿರಾಟ ನಿಂತಿದ್ದರೆ ಮಾತ್ರ ಎದೆಯೊತ್ತುವ ಚಿಕಿತ್ಸೆಯೇ ಮೊದಲು. ಗರಗಸದ ಗಾಯವಾದರೆ ಶುದ್ಧ ಬಟ್ಟೆಯಿಟ್ಟು ಬಲವಾಗಿ, ಬಿಡದೆ ಒತ್ತಿಹಿಡಿಯಿರಿ.

ಸುರಕ್ಷಾ ಪಟ್ಟಿಯಲ್ಲಿ ಅಲುಗಾಡದೆ ನೇತಾಡುವವನ ರಕ್ತ ಕಾಲುಗಳಲ್ಲಿ ಶೇಖರವಾಗಿ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದುದರಿಂದ ಅವನನ್ನು ಬೇಗನೆ ಇಳಿಸುವ ಏರ್ಪಾಡು ಕೆಲಸಕ್ಕೆ ಮುಂಚೆಯೇ ಇರಬೇಕು. ಇಳಿಸಿದ ಮೇಲೆ ಕೂರಿಸಿಯೇ ಇಡಬೇಕೆಂಬ ಹಳೆಯ ಸಲಹೆಗೆ ಈಗ ಮನ್ನಣೆಯಿಲ್ಲ. ಸಮತಟ್ಟಾಗಿ ಮಲಗಿಸುವುದೇ ಸರಿ.

ಯಂತ್ರಗರಗಸದ ಶಬ್ದ ಸಾಮಾನ್ಯವಾಗಿ ನೂರು ಡೆಸಿಬೆಲ್ ದಾಟುತ್ತದೆ. ಕಿವಿಗೆ ರಕ್ಷಣೆಯಿಲ್ಲದಿದ್ದರೆ ಶ್ರವಣಶಕ್ತಿ ಮೆಲ್ಲಮೆಲ್ಲನೆ ಕುಂದುತ್ತದೆ. ಅದರ ಕಂಪನದಿಂದ ವರ್ಷಾಂತರದಲ್ಲಿ ಬೆರಳುಗಳು ಬಿಳಿಚಿ ಮರಗಟ್ಟಬಹುದು. ಬಿಸಿಲಿನಲ್ಲಿ ದುಡಿಯುವವನಿಗೆ ನೀರು, ನೆರಳು, ವಿಶ್ರಾಂತಿ ದಾನವಲ್ಲ, ಅವನ ಹಕ್ಕು. ಮರದಲ್ಲಿ ಹೆಜ್ಜೇನು ಇದೆಯೆ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ಬಹಳ ಹುಳಗಳು ಕಚ್ಚಿದವನಿಗೆ ಆಸ್ಪತ್ರೆಯೇ ಗತಿ.

ಇಪ್ಪತ್ತು ರೂಪಾಯಿ

ಮರುದಿನ ಯುವಕ ಪಾಸ್ ಪುಸ್ತಕಕ್ಕಾಗಿ ಬಂದಾಗ ಅವನಿಂದ ಇನ್ನೊಂದು ಅರ್ಜಿ ತುಂಬಿಸಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ ಖಾತೆದಾರರು ಸೇರಬಹುದು. ಮೊದಲು ವರ್ಷಕ್ಕೆ 12 ರೂಪಾಯಿ ಇದ್ದ ಕಂತು 2022ರ ಜೂನ್ 1ರಿಂದ 20 ರೂಪಾಯಿ. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯವಾದರೆ 1 ಲಕ್ಷ ರೂಪಾಯಿ. ಅವಧಿ ಜೂನ್ 1ರಿಂದ ಮೇ 31ರವರೆಗೆ. ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದೆ ರಕ್ಷಣೆ ತಪ್ಪಿಹೋದ ಖಾತೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ನಾಮಿನಿಯ ಹೆಸರು ಬರೆಯುವಲ್ಲಿ ಅವನು ಹೆಂಡತಿಯ ಹೆಸರನ್ನು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಕನ್ನಡದಲ್ಲಿಯೇ ಬರೆದ.

ಎರಡು ಲಕ್ಷ ದೊಡ್ಡ ಮೊತ್ತವಲ್ಲ ಎಂಬುದನ್ನು ಬಲ್ಲೆ. ಕೆಲಸದ ವೇಳೆಯ ಅಪಘಾತಕ್ಕೆ ಕೆಲಸ ಮಾಡಿಸುವವನು ಪರಿಹಾರ ಕೊಡಬೇಕೆಂಬ ತತ್ತ್ವ 1923ರ ಕಾಯಿದೆಯ ಕಾಲದಿಂದಲೂ ನಮ್ಮ ದೇಶದಲ್ಲಿದೆ. ಇಪ್ಪತ್ತು ರೂಪಾಯಿಯ ವಿಮೆ ಆ ಹೊಣೆಯನ್ನು ಇಳಿಸುವುದಿಲ್ಲ. ಆದರೆ ನಮ್ಮ ತೋಟದಲ್ಲಿ ಬಿದ್ದವನಿಗೆ ಅಷ್ಟೂ ಇರಲಿಲ್ಲ. ವರ್ಷಕ್ಕೊಮ್ಮೆ ನಮ್ಮ ಮನೆಯಿಂದ ಹೋಗುತ್ತಿದ್ದ ಅಕ್ಕಿಯ ಮೂಟೆಯನ್ನು ಪರಿಹಾರವೆಂದು ಕರೆಯುವ ಧೈರ್ಯ ನನಗಿಲ್ಲ.

ಮಹಾನಗರದಲ್ಲಿ ನೆಲೆಸಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಅಂಗಳದ ಮರವನ್ನು ತೆಗೆಸುವ ಪ್ರಸಂಗ ಬಂದಾಗ ದರದ ಮಾತಿಗೆ ಮೊದಲು ಹಗ್ಗ, ಶಿರಸ್ತ್ರಾಣ, ವಿಮೆ ಇವುಗಳ ಮಾತನಾಡಿರಿ. ಮರ ಬಲ್ಲವನು "ಇಂದು ಬೇಡ" ಎಂದರೆ ಆ ದಿನದ ಕೂಲಿಯನ್ನು ಕೊಟ್ಟೇ ಅವನ ಮಾತು ಕೇಳಿರಿ. ಕ್ರೇನು ಭಾರವನ್ನು ಎತ್ತಬಲ್ಲುದು. ಯಾವ ಮರವನ್ನು ಹತ್ತಬಾರದೆಂಬುದನ್ನು ಹೇಳಬಲ್ಲವನು ಕೊನೆಗೌಡನೇ.